ತೆಗೆಯದೆ ಬಿಟ್ಟ ಬಿಲ್ಲೆ

ಹಸಿರಿಲ್ಲದೆ ಹುಟ್ಟಿದ ಕಳ್ಳಿ ಸಸಿ ತನ್ನ ಕಾಲ ಮೇಲೆ ತಾನು ನಿಲ್ಲಲಾರದು. ಬೀಜದಿಂದ ಬರುವಾಗ ತಂದ ಬುತ್ತಿ ಇರುವಷ್ಟು ದಿನ ಬದುಕುತ್ತದೆ. ಹೆಚ್ಚೆಂದರೆ ಎರಡು ತಿಂಗಳು. ಬುತ್ತಿ ಮುಗಿಯುವ ಮೊದಲೇ ಅದರ ಬೇರು ಕತ್ತರಿಸಿ, ಹಸಿರಾಗಿ ಬೆಳೆಯುತ್ತಿರುವ ಇನ್ನೊಂದು ಕಳ್ಳಿಯ ತಲೆ ಹಾರಿಸಿ, ಆ ಗಾಯದ ಮೇಲೆ ಈ ಗಾಯವನ್ನು ಕೂರಿಸಬೇಕು. ಎರಡೂ ಕೂಡಿಕೊಂಡರೆ ಸಸಿ ಉಳಿಯಿತು, ಇಲ್ಲವಾದರೆ ಇಲ್ಲ. ಕಸಿ ಎಂದರೆ ಇಷ್ಟೇ. ನಾನು ಇದನ್ನು ಯಾವ ಪುಸ್ತಕದಲ್ಲೂ ಓದಲಿಲ್ಲ. ಇಪ್ಪತ್ತೆರಡು ವರ್ಷ ನನ್ನ ಗಂಡ ಕಸಿ ಕಟ್ಟುವಾಗ ಪಕ್ಕದಲ್ಲಿ, ಕಸಿಗೆ ಗಾಳಿ ತಾಗದಂತೆ ಮೇಲೆ ಮುಚ್ಚುವ ಗಾಜಿನ ಲೋಟ ಹಿಡಿದುಕೊಂಡು ನಿಂತು ಕಲಿತದ್ದು.

ಈ ಸಲ ಅವರು ಬಿತ್ತಿದ್ದ ಮುನ್ನೂರು ಬೀಜದಲ್ಲಿ ಏಳು ಕೆಂಪಗೆ ಹುಟ್ಟಿದ್ದವು. ಒಂದೊಂದೂ ಹುರುಳಿ ಕಾಳಿನಷ್ಟು ಗಾತ್ರ, ಬಣ್ಣ ದಾಳಿಂಬೆಯದು. ಮೈಮೇಲೆ ಹಸಿರಿನ ಚುಕ್ಕೆಯೂ ಇಲ್ಲ. ಇಂಥ ಬಣ್ಣಕ್ಕಾಗಿ ಅವರು ಒಂಬತ್ತು ವರ್ಷದಿಂದ ಕುಂಚ ಹಿಡಿದು ಹೂವಿನಿಂದ ಹೂವಿಗೆ ಪರಾಗ ಹಚ್ಚುತ್ತ ಜೇನುಹುಳದ ಕೆಲಸ ಮಾಡಿಕೊಂಡು ಬಂದಿದ್ದರು. ಆದರೆ ಬೀಜ ಬಿತ್ತಿ ವಾರ ಕಳೆಯುವುದರೊಳಗೆ ಕೈ ಹೋಯಿತು.

ಅವರು ಲೇತ್ ಕೆಲಸದವರು. ಲೇತಿನಲ್ಲಿ ಉಕ್ಕನ್ನು ಹೆರೆಯುವಾಗ ಉದ್ದನೆಯ ಸುರುಳಿ ಸುರುಳಿಯಾಗಿ ಚೂರು ಬರುತ್ತದೆ, ಬ್ಲೇಡಿಗಿಂತ ಹರಿತ. ಅದನ್ನು ಕೊಕ್ಕೆಯಿಂದ ಎಳೆಯಬೇಕೆಂದು ಮೂವತ್ತು ವರ್ಷ ಬೇರೆಯವರಿಗೆ ಹೇಳಿದವರು, ಒಂದು ದಿನ ಕೊಕ್ಕೆ ದೂರವಿದೆಯೆಂದು ಕೈ ಹಾಕಿದರು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಮಡಿಸುವ ನರಗಳು ತುಂಡಾದವು. ಡಾಕ್ಟರು ಹೊಲಿದರು. ನಾನು ದರ್ಜಿ, ಹೊಲಿಗೆ ನೋಡಿದರೆ ಗೊತ್ತಾಗುತ್ತದೆ. ಚೆನ್ನಾಗಿಯೇ ಹೊಲಿದಿದ್ದರು.

ಹೊಲಿಗೆಯ ನಂತರದ ಕೆಲಸ ಆಸ್ಪತ್ರೆಯ ವ್ಯಾಯಾಮದ ಮೇಡಂ ಅವರದು. ಐದನೇ ವಾರ ಆಕೆ ಕೀಲಿರುವ ಅಳತೆಪಟ್ಟಿಯನ್ನು ಬೆರಳಿನ ಮೇಲಿಟ್ಟು ನೋಡಿ, ಮುಖ ಗಂಟು ಹಾಕಿಕೊಂಡರು.

"ಮನೇಲಿ ಬೆರಳು ಮಡಚ್ತಿದೀರಾ?"

ಇವರು ಗೋಡೆಯ ಮೇಲಿನ ಚಿತ್ರ ನೋಡುತ್ತ ಕೂತರು.

"ನೋಡಿ, ಒಳಗೆ ನರ ಸುತ್ತಲಿನ ಮಾಂಸಕ್ಕೆ ಅಂಟ್ಕೊಳ್ತಾ ಇದೆ. ಈಗ ಎಳೆದೆಳೆದು ಬಿಡಿಸಿದ್ರೆ ಬಿಡತ್ತೆ. ಇನ್ನು ಮೂರು ವಾರ. ಆಮೇಲೆ ನೀವು ಅತ್ತರೂ ಬಿಡಲ್ಲ, ನಾನು ಅತ್ತರೂ ಬಿಡಲ್ಲ. ದಿನಕ್ಕೆ ಐದು ಸಲ, ಸಲಕ್ಕೆ ಇಪ್ಪತ್ತು. ನೋವಾಗತ್ತೆ, ಸುಳ್ಳು ಹೇಳಲ್ಲ."

ಮನೆಗೆ ಬಂದು ಅವರು ಆ ಕೈಯನ್ನು ಯಾರೋ ನೋಡಿಕೊಳ್ಳಲು ಕೊಟ್ಟುಹೋದ ಗಂಟಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತರು. ನಾನು ಬಿಸಿನೀರು ತಂದೆ, ಎಣ್ಣೆ ತಂದೆ, ರಮಿಸಿದೆ, ಬೈದೆ. "ಆಮೇಲೆ" ಎಂದರು. ಅವರ "ಆಮೇಲೆ"ಗಳನ್ನು ಒಂದರ ಪಕ್ಕ ಒಂದಿಟ್ಟರೆ ಬೀದಿಯ ತುದಿ ಮುಟ್ಟುತ್ತಿತ್ತು.

ನಮ್ಮದು ಮೂರನೇ ಮಹಡಿಯ ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಯಂತ್ರ ಮತ್ತು ಗಂಡನ ಅಕ್ಕನ ಮಂಚ. ನಾನೂ ಆಕೆಯನ್ನು ಅಕ್ಕ ಎಂದೇ ಕರೆಯುವುದು. ಹಿಂದಿನ ಕೋಣೆಯ ಕಿಟಕಿಯ ಬಳಿ ಕಬ್ಬಿಣದ ಕಪಾಟು, ಅದರ ತುಂಬ ಕಳ್ಳಿ. ಬಟ್ಟೆಗೆ ಜಾಗ ಸಾಲದೆ ನಾವು ಮಂಚದ ಕೆಳಗೆ ಪೆಟ್ಟಿಗೆಯಲ್ಲಿ ಬಟ್ಟೆ ಇಡುವವರು. ಅಕ್ಕ ಹೇಳುವುದುಂಟು, "ಕಳ್ಳಿಗೆ ಮೈಯೆಲ್ಲ ಮುಳ್ಳು, ನಮ್ಮ ತಮ್ಮನಿಗೆ ಮೂಗಿನ ತುದೀಲಿ. ಸರಿಯಾದ ಜೋಡಿ."

ಆ ವಾರ ಸ್ಪ್ಯಾನರ್ ಬಂದ. ಇವರ ಕಾರ್ಖಾನೆಯ ಗೆಳೆಯ, ಕಳ್ಳಿಯ ಹುಚ್ಚಿನಲ್ಲೂ ಜೊತೆಗಾರ. ಉದ್ದ ಕೈ, ಅಗಲ ಬಾಯಿ, ಅದಕ್ಕೇ ಆ ಹೆಸರು. ಒಳ್ಳೆಯವನು, ಆದರೆ ಯಾವ ಮಾತನ್ನು ಎಲ್ಲಿ ನುಂಗಬೇಕೆಂದು ತಿಳಿಯದು.

"ನಿನ್ನ ಲೇತ್ ಮೇಲೆ ಹೊಸಬನ್ನ ಹಾಕಿದಾರೆ ಕಣೋ," ಎಂದ. "ಎಡಚ. ಬಂದ ದಿನಾನೇ ನಿನ್ನ ಸಾಮಾನೆಲ್ಲ ಬಲಗಡೆಯಿಂದ ಎಡಗಡೆಗೆ ತಿರುಗಿಸಿ ಇಟ್ಕೊಂಡ."

"ನನ್ನ ಏಪ್ರನ್?"

"ಅದನ್ನೂ ಅವನೇ ಹಾಕ್ಕೊಂಡಿದಾನೆ. ಗಿಡ್ಡ ಆಗತ್ತೆ ಅವನಿಗೆ." ನಗಿಸಿದೆನೆಂದುಕೊಂಡು ತಾನೇ ನಕ್ಕ.

ನಾನು ಚಹಾದ ಲೋಟವನ್ನು ಅವನ ಮುಂದೆ ಕುಕ್ಕಿದೆ. ಆಗ ಅವನಿಗೆ ಅರ್ಥವಾಗಿ, ಮಾತು ತಿರುಗಿಸಲು ಕಪಾಟಿನ ಕಡೆ ನೋಡಿದ. "ಅಯ್ಯೋ, ಈ ಕೆಂಪು ಮರಿಗಳನ್ನ ಇನ್ನೂ ಕಸಿ ಮಾಡಿಲ್ವಾ? ನಾನು ಮಾಡಿಕೊಡ್ಲಾ?"

"ನೀನು ಮುಟ್ಟಬೇಡ," ಎಂದರು ಇವರು.

"ಹಾಗಾದ್ರೆ ಯಾರು ಮಾಡ್ತಾರೆ?"

"ಯಾರೂ ಬೇಡ. ಸಾಯಲಿ."

ಅವನು ಹೋದ ಮೇಲೆ ಇವರು ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನದ ಊಟದ ತಟ್ಟೆ ಹೋದ ಹಾಗೇ ವಾಪಸು ಬಂತು. ಮರುದಿನವೂ ಹಾಗೇ. ಎಂಥ ವಿಚಿತ್ರ ಎಂದು ಯೋಚಿಸುತ್ತ ನಾನು ಯಂತ್ರ ತುಳಿದೆ. ಅಂಟಬೇಕಾದ ಕಡೆ ಅಂಟಿಸುವವರಿಲ್ಲ, ಅಂಟಬಾರದ ಕಡೆ ಅದರಷ್ಟಕ್ಕೆ ಅದು ಅಂಟಿಕೊಳ್ಳುತ್ತಿದೆ. ಎರಡಕ್ಕೂ ದಿನ ಓಡುತ್ತಿದೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ನನ್ನನ್ನು ಚುರುಕು ಎನ್ನುತ್ತಾರೆ. ಹರಿದ ಕೋಟಿನಿಂದ ಹೊಸ ಚಡ್ಡಿ ತೆಗೆಯುವವಳು ನಾನು. ಆ ಚುರುಕೇ ನನ್ನನ್ನು ತಿಂದಿತು.

ಉಪಾಯ ಹೇಳುವ ಮೊದಲು ಬಿಲ್ಲೆಯ ವಿಷಯ ಹೇಳಬೇಕು. ಕೆಳಗಿನ ಬುಡಗಿಡದ ತಲೆ ಕೊಯ್ದ ಕೂಡಲೇ ಗಾಯ ಗಾಳಿಗೆ ಒಣಗತೊಡಗುತ್ತದೆ. ಅದಕ್ಕೆ, ಕೊಯ್ದ ಜಾಗದಲ್ಲಿ ಮತ್ತೊಮ್ಮೆ ಕಾಗದದಷ್ಟು ತೆಳುವಾಗಿ ಒಂದು ಬಿಲ್ಲೆ ಕೊಯ್ದು, ತೆಗೆಯದೆ ಅಲ್ಲೇ ಮುಚ್ಚಳದಂತೆ ಬಿಡುತ್ತಾರೆ. ಸಸಿಯ ಬೇರು ಕತ್ತರಿಸಿ ಸಿದ್ಧವಾದ ಮೇಲೆ ಬಿಲ್ಲೆಯನ್ನು ಜಾರಿಸಿ ತೆಗೆದು, ಹಸಿ ಗಾಯದ ಮೇಲೆ ಸಸಿ ಕೂರಿಸುತ್ತಾರೆ. ಬಿಲ್ಲೆ ತೆಗೆಯಲು ಮರೆತರೆ ಸಸಿ ಸತ್ತ ಮುಚ್ಚಳದ ಮೇಲೆ ಕೂತಿರುತ್ತದೆ. ಎರಡು ದಿನ ಚೆನ್ನಾಗಿಯೇ ಕಾಣುತ್ತದೆ, ಮೂರನೆಯ ದಿನ ಹೊಳಪು ಹೋಗುತ್ತದೆ, ಐದನೆಯ ದಿನ ಒಣದ್ರಾಕ್ಷಿ. ಇದು ಹೊಸಬರ ತಪ್ಪಲ್ಲ, ಹೊಸಬರಿಗೆ ಬಿಲ್ಲೆ ಇಡುವುದೇ ಗೊತ್ತಿರುವುದಿಲ್ಲ. ಕೈ ಪಳಗಿ, ಹರಟೆ ಹೊಡೆಯುತ್ತ ಕೆಲಸ ಮಾಡುವವರ ತಪ್ಪು. ಒಮ್ಮೆ ಸ್ಪ್ಯಾನರ್ ಮಾಡಿದ್ದ. ಇವರು ವರ್ಷವಿಡೀ ಅವನಿಗೆ "ಮುಚ್ಚಳ ತೆಗೀದೆ ಬಾಟಲಿಯಿಂದ ನೀರು ಕುಡಿದೋನು" ಎಂದು ಹೇಳಿ ಹೇಳಿ ಜೀವ ತೆಗೆದಿದ್ದರು. ತಪ್ಪು ಕೆಲಸ ಕಂಡರೆ ಸುಮ್ಮನಿರಲಾರದ ಜಾತಿಯವರು. ದಾರಿಯಲ್ಲಿ ಗುರುತಿಲ್ಲದವರು ಮೊಳೆ ಓರೆ ಹೊಡೆದರೂ ನಿಂತು ಸುತ್ತಿಗೆ ಕಸಿದುಕೊಳ್ಳುವವರು.

ಅದನ್ನೇ ನಾನು ನಂಬಿದೆ. ಅವರ ಕಣ್ಣೆದುರೇ ಕಸಿ ಮಾಡುವುದು, ಬಿಲ್ಲೆ ತೆಗೆಯದೆ ಸಸಿ ಕೂರಿಸುವುದು. ಅವರು ಕೂಗುತ್ತಾರೆ. ಬ್ಲೇಡು ಕಸಿದುಕೊಳ್ಳುತ್ತಾರೆ. ಒಮ್ಮೆ ಆ ಬೆರಳುಗಳು ಬ್ಲೇಡು ಹಿಡಿದರೆ ಮಿಕ್ಕದ್ದು ತಾನಾಗಿ ನಡೆಯುತ್ತದೆ.

ಬೆಳಿಗ್ಗೆ ಮೇಜನ್ನು ಕಿಟಕಿಗೆ, ಅಂದರೆ ಅವರ ಮುಖಕ್ಕೆ ಸರಿಯಾಗಿ ಎಳೆದೆ. ಸ್ಪಿರಿಟ್‌ನಿಂದ ಬ್ಲೇಡು ಒರೆಸಿದೆ. ಪೆನ್ಸಿಲ್ ದಪ್ಪದ ಬುಡಗಿಡ ತಂದು ತಲೆ ಹಾರಿಸಿದೆ. ಬಿಲ್ಲೆ ಕೊಯ್ದೆ. ಕೆಂಪು ಸಸಿಯೊಂದನ್ನು ಚಿಮಟಿಗೆಯಿಂದ ಎತ್ತಿ ಬೇರು ಕತ್ತರಿಸಿದೆ. ನನ್ನ ಕೈ ಅವರದಕ್ಕಿಂತ ಸ್ಥಿರ, ಕಾಜಾ ಹೊಲಿದು ಪಳಗಿದ್ದು. ಸರಿಯಾಗಿ ಮಾಡಬಲ್ಲವಳಾಗಿದ್ದೆ ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಬೇಕೆಂದೇ ಬಿಲ್ಲೆಯ ಮೇಲೆ ಸಸಿ ಇಟ್ಟು, "ಕೂತಿತಪ್ಪ ಚೆನ್ನಾಗಿ," ಎಂದು ಗಟ್ಟಿಯಾಗಿ ಹೇಳಿದೆ.

ಅವರು ನೋಡುತ್ತಿದ್ದರು. ಕಣ್ಣು ಬಿಲ್ಲೆಯ ಮೇಲೇ ಇತ್ತು, ನನಗೆ ಗೊತ್ತು. ದವಡೆ ಒಮ್ಮೆ ಬಿಗಿಯಿತು. ಈಗ ಕೂಗುತ್ತಾರೆ ಎಂದುಕೊಂಡೆ.

"ಲೋಟ ಮುಚ್ಚು," ಎಂದರು. "ಗಾಳಿ ತಾಗತ್ತೆ." ಮತ್ತೆ ಗೋಡೆಯ ಕಡೆ ತಿರುಗಿದರು.

ಹಿಂದೆ ಸರಿಯುವುದಿತ್ತು, ಸರಿಯಲಿಲ್ಲ. ಅಂದು ಇನ್ನೆರಡು ಹಾಗೇ ಮಾಡಿದೆ. ಮೂರು ದಿನ ಬಿಟ್ಟು, ಮೊದಲಿನವು ಹೊಳಪು ಕಳೆದುಕೊಂಡ ಮೇಲೆ, ಅವುಗಳನ್ನು ಅವರ ಮೂಗಿನ ಹತ್ತಿರ ಹಿಡಿದು, "ಯಾಕ್ರೀ ಬಾಡ್ತಿವೆ? ನಾನೆಲ್ಲಿ ತಪ್ಪಿದೆ?" ಎಂದು ಕೇಳಿದೆ. ನಾಟಕದ ದನಿ ನನಗೇ ಕೇಳಿಸುತ್ತಿತ್ತು.

"ಗೊತ್ತಿಲ್ಲ," ಎಂದರು.

ಆದರೂ ಜೂಜಾಡುವವರ ಹಾಗೆ, ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಮತ್ತೆರಡು ಸಸಿಗಳನ್ನು ಬಿಲ್ಲೆಯ ಮೇಲೆ ಕೂರಿಸಿದೆ. ಅವೂ ಮುದುಡಿದವು. ಆರನೆಯದು ಬಿತ್ತಿದ ಡಬ್ಬಿಯಲ್ಲೇ ಬುಡ ಕೊಳೆತು ಮಲಗಿತ್ತು.

ಎತ್ತಿ ಎಸೆಯುವಾಗ ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. ಆಕೆ ಕಸಿಯ ತಂಟೆಗೆ ಬಂದವರಲ್ಲ, ಆದರೆ ಮನುಷ್ಯರನ್ನು ಓದಬಲ್ಲವರು.

"ಬೇಕೂಂತ ಮಾಡಿದ್ಯಾ?"

ನಾನು ಕಸದ ಬುಟ್ಟಿಯ ಮುಚ್ಚಳ ಹಾಕಿದೆ.

"ತಾಯೀ, ಇಲಿ ಹಿಡಿಯೋಕೆ ಮನೆಗೇ ಬೆಂಕಿ ಇಡೋರನ್ನ ಇವತ್ತು ಕಣ್ಣಾರೆ ನೋಡಿದೆ."

"ಮತ್ತೇನು ಮಾಡ್ಲಿ ಅಕ್ಕ? ಹೇಳಿ ಸಾಕಾಯ್ತು, ಅತ್ತು ಸಾಕಾಯ್ತು. ಹನ್ನೆರಡು ದಿನ ಹೋಯ್ತು. ಇನ್ನು ಒಂಬತ್ತು ದಿನಕ್ಕೆ ಆ ಕೈ ಮರದ ಸೌಟು. ನಿಮ್ಮ ತಮ್ಮ ಅಲ್ವಾ, ನೀವೇ ಹೇಳಿ."

"ಅವನು ಚಿಕ್ಕೋನಿದ್ದಾಗಿಂದ ಹಾಗೇ," ಎಂದು ಅಕ್ಕ ತಗ್ಗಿದ ದನಿಯಲ್ಲಿ ಹೇಳಿದರು. "ಹಟ ಮಾಡೋವಾಗ ಕೂಗಾಡ್ತಾನೆ. ಸುಮ್ಮನಾದ ಅಂದ್ರೆ ಹಟ ಅಲ್ಲ, ಏನನ್ನೋ ಮುರಿದು ಮುಚ್ಚಿಟ್ಟಿದಾನೆ ಅಂತ."

ಮರುದಿನ ಮಧ್ಯಾಹ್ನ ಕೊನೆಯ ಸಸಿಯನ್ನು ಮೇಜಿನ ಮೇಲಿಟ್ಟೆ. ಇದನ್ನು ಸರಿಯಾಗಿಯೇ ಮಾಡುವುದೆಂದು ನಿರ್ಧರಿಸಿದ್ದೆ. ಬುಡಗಿಡದ ತಲೆ ಹಾರಿಸಿದೆ, ಬಿಲ್ಲೆ ಕೊಯ್ದೆ. ಸಸಿಯ ಬೇರು ಕತ್ತರಿಸಲು ಹೋದೆ, ಆಗಲಿಲ್ಲ. ಮದುವೆಯ ಬಟ್ಟೆಗೂ ಅಳುಕದೆ ಕತ್ತರಿ ಹಾಕುವವಳು ನಾನು. ಬ್ಲೇಡು ಕೆಳಗಿಟ್ಟೆ.

"ರೀ, ಕೇಳಿ," ಎಂದೆ. "ಬಿಲ್ಲೆ ಮರೆತದ್ದಲ್ಲ. ಬೇಕೂಂತ ಬಿಟ್ಟೆ. ಐದಕ್ಕೂ. ನೀವು ಕೂಗಾಡಿ ಎದ್ದು ಬರ್ತೀರಿ ಅಂದ್ಕೊಂಡು ಕೊಂದೆ ಅವನ್ನ."

ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

"ಗೊತ್ತಿತ್ತು," ಎಂದರು.

"ಯಾವಾಗಿಂದ?"

"ಮೊದಲನೇದರಿಂದ. ನಿನ್ನ ಕೈ ಬಿಲ್ಲೆ ಮರೆಯೋ ಕೈಯಾ?"

"ಗೊತ್ತಿದ್ದೂ ಸುಮ್ಮನಿದ್ರಾ?"

"ಕೂಗಿದ್ರೆ ನೀನು ಬ್ಲೇಡು ಕೊಡ್ತಿದ್ದೆ." ಗೋಡೆಗೇ ಹೇಳುವಂತೆ ಹೇಳಿದರು. "ಕೊಟ್ರೆ ಹಿಡೀಬೇಕಿತ್ತು."

ನಾನು ಎದ್ದು ಹೋಗಿ ಮಂಚದ ಮೇಲೆ, ಅವರ ಮೊಣಕಾಲಿನ ಪಕ್ಕ ಕೂತೆ. ಒಂದೊಂದೇ ಮಾತು ಹಳೆಯ ಗೋಡೆಯಿಂದ ಮೊಳೆ ಬಂದ ಹಾಗೆ ಬಂತು. ಕೆಂಪು ಸಸಿ ಹುಟ್ಟಿದ್ದು ಏಳಲ್ಲ, ಎಂಟು. ಆಪರೇಶನ್ ಆಗಿ ಹತ್ತನೇ ದಿನ, ಕೈ ಅಲುಗಿಸಲೇಬಾರದು ಎಂದು ಡಾಕ್ಟರು ಕಟ್ಟಿಹಾಕಿದ್ದ ಕಾಲದಲ್ಲಿ, ನಾನು ಬಟ್ಟೆ ಕೊಡಲು ಹೊರಗೆ ಹೋಗಿದ್ದಾಗ, ಇವರು ಪಟ್ಟಿ ಬಿಚ್ಚಿದ್ದರು. ಮೊದಲ ಕೆಂಪು ಸಸಿ ಮುದಿಯಾಗುವ ಮೊದಲು ಕಸಿ ಕಟ್ಟಿಬಿಡೋಣವೆಂದು ಬ್ಲೇಡು ಹಿಡಿದಿದ್ದರು. ಅಂಗೈ ಒಳಗೆ ಟಕ್ ಎಂದಿತು. ಬ್ಲೇಡು ಬಿತ್ತು. ಸಸಿ ಎಲ್ಲಿ ಹೋಯಿತೋ. ಹಲ್ಲಿನಿಂದ ಪಟ್ಟಿ ಕಟ್ಟಿಕೊಂಡು, ಏನೂ ಆಗದವರಂತೆ ಮಲಗಿದರು.

"ಹೊಲಿಗೆ ಕಿತ್ತುಹೋಯ್ತು, ನಾನೇ ಕಿತ್ತೆ," ಎಂದರು. "ಆ ಮೇಡಂ ಮಡಚಿ ಮಡಚಿ ಅಂತಾರೆ. ಮಡಚೋಕೆ ಒಳಗೇನಿದೆ? ನೀನಿಲ್ಲದಾಗ ಎಷ್ಟು ಸಲ ನೋಡಿದೀನಿ. ಬರಲ್ಲ. ಡಾಕ್ಟರು ಕೈ ಬಿಚ್ಚಿ ನೋಡಿದ್ರೆ ತಿಳಿದುಹೋಗತ್ತೆ. ಮೂವತ್ತು ವರ್ಷ ಬೇರೆಯೋರಿಗೆ ಬುದ್ಧಿ ಹೇಳಿದೋನು, ಕೊಕ್ಕೆ ಬಿಟ್ಟು ಕೈ ಹಾಕಿದ, ಪಟ್ಟಿ ಬಿಚ್ಚಿ ಕೈ ಮುರ್ಕೊಂಡ. ನಿನ್ನ ಮುಖ ಹೇಗೆ ನೋಡ್ಲಿ?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಂಥ ಸಿಟ್ಟೆಂದರೆ ಕಪಾಟನ್ನೇ ಕಿಟಕಿಯಿಂದ ನೂಕಬೇಕೆನಿಸಿತು. "ನನ್ನ ಮುಖದಲ್ಲೇನಿದೆ ನೋಡೋಕೆ? ಏಳಿ ಮೇಲೆ."

"ಎಲ್ಲಿಗೆ?"

"ಕಿತ್ತುಹೋಗಿದ್ರೆ ಕಿತ್ತುಹೋಗಿದೆ ಅಂತ ಕಿವಿಯಾರೆ ಕೇಳೋಣ. ದರ್ಜಿ ಕಣ್ರೀ ನಾನು. ಹೊಲಿಗೆ ಬಿಟ್ಟಿದ್ಯೋ, ಬಟ್ಟೆ ಸುಕ್ಕಾಗಿದ್ಯೋ ಅಂತ ಮಡಿಕೆ ಬಿಡಿಸಿ ನೋಡದೆ ಹೇಳೋಳಲ್ಲ."

ಚಪ್ಪಲಿಯನ್ನು ನಾನೇ ಅವರ ಕಾಲಿಗೆ ತುರುಕಿದೆ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು, ಬಸ್ಸಿನಲ್ಲಿ ಸರಿ ಮಾಡಿದೆ. ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಎರಡು ಗಂಟೆ ಕೂತೆವು. ಅಷ್ಟು ಹೊತ್ತೂ ಅವರ ಎಡಗೈ ನನ್ನ ಸೆರಗಿನ ತುದಿ ಹಿಡಿದಿತ್ತು. ಬೆಂಚಿನ ಆ ತುದಿಯಲ್ಲಿ ಕೂತಿದ್ದವರೊಬ್ಬರು ಅದನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು.

ಒಳಗೆ ಅವರು ಹೇಳಲಿಲ್ಲ, ನಾನೇ ಹೇಳಿದೆ. ಹತ್ತನೇ ದಿನ, ಪಟ್ಟಿ, ಬ್ಲೇಡು, ಟಕ್. ಮೇಡಂ ಬೈಯಲಿಲ್ಲ. ಇವರ ತೋರುಬೆರಳಿನ ನಡುವಿನ ಗಿಣ್ಣನ್ನು ಮೇಜಿಗೆ ಒತ್ತಿ ಹಿಡಿದು, "ತುದಿ ಮಾತ್ರ ಮಡಚಿ," ಎಂದರು.

"ಬರಲ್ಲ."

"ಬರೋದು ಬಿಡೋದು ನಾನು ನೋಡ್ತೀನಿ. ನೀವು ಮಡಚಿ."

ಇವರ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಕತ್ತಿನ ನರ ಉಬ್ಬಿತು. ಬೆರಳಿನ ತುದಿ ಹಾಗೇ ಇತ್ತು. ಆಮೇಲೆ ಅದು ಅಲುಗಿತು. ಅಕ್ಕಿ ಕಾಳಿನ ಅಗಲ, ಹೆಚ್ಚಿಲ್ಲ. ಮತ್ತೆ ಹೇಳಿದಾಗ ಮತ್ತೆ ಅಷ್ಟೇ ಅಲುಗಿತು. ಹೆಬ್ಬೆರಳು ಅದಕ್ಕಿಂತ ಕಡಿಮೆ, ಆದರೆ ಅದೂ ಅಲುಗಿತು.

ಮೇಡಂ ಪಕ್ಕದ ಕೋಣೆಯಿಂದ ಡಾಕ್ಟರನ್ನು ಕರೆದರು. ಅವರೂ ಒತ್ತಿ ನೋಡಿದರು.

"ಕಿತ್ತುಹೋಗಿದ್ರೆ ಈ ಅಲುಗಾಟ ಇರ್ತಾ ಇರಲಿಲ್ಲ," ಎಂದರು ಡಾಕ್ಟರು. "ಅವತ್ತು ಟಕ್ ಅಂದದ್ದು ಏನೋ, ಪೂರ್ತಿ ಹೊಲಿಗೆ ಅಂತೂ ಅಲ್ಲ. ನರ ಇದೆ. ಅಂಟಿದೆ. ಚೆನ್ನಾಗಿ ಅಂಟಿದೆ."

"ಬಿಡತ್ತಾ?" ಎಂದು ಕೇಳಿದೆ.

"ಮೊದಲೇ ಶುರು ಮಾಡಿದ್ರೆ ಬಿಡತ್ತೆ ಅಂತಿದ್ದೆ. ಈಗ ಎಂಟು ದಿನ ಇದೆ. ಬಿಡಬಹುದು, ಬಿಡದೇನೂ ಇರಬಹುದು. ಲೇತಿಗೆ ವಾಪಸು ಹೋಗೋ ಮಾತು ಇವತ್ತು ಬೇಡ."

ಬರುವಾಗ ಬಸ್ಸಿನಲ್ಲಿ ಅವರು ತೋರುಬೆರಳನ್ನೇ ನೋಡುತ್ತಿದ್ದರು, ಸತ್ತನೆಂದು ಬಿಟ್ಟವನು ಬಾಗಿಲಲ್ಲಿ ನಿಂತರೆ ನೋಡುವ ಹಾಗೆ. ಖುಷಿಗಿಂತ ಹೆದರಿಕೆಯೇ ಹೆಚ್ಚಿತ್ತು ಆ ಮುಖದಲ್ಲಿ. ನನಗೂ ಅಷ್ಟೇ. ಏನೂ ಉಳಿದಿಲ್ಲ ಎಂದಾಗ ಕಳೆದುಕೊಳ್ಳಲು ಏನಿರುತ್ತದೆ? ಈಗ ಅಕ್ಕಿ ಕಾಳಿನಷ್ಟಿತ್ತು.

ಮನೆಗೆ ಬಂದಾಗ ಬಿಸಿಲು ಮೇಜಿನ ಮೇಲಿಂದ ದಾಟಿ ಹೋಗಿತ್ತು. ನಾನು ಅವಸರದಲ್ಲಿ ಏನನ್ನೂ ಮುಚ್ಚಿಟ್ಟು ಹೋಗಿರಲಿಲ್ಲ. ಕೊನೆಯ ಸಸಿ ಚಿಮಟಿಗೆಯ ಪಕ್ಕ ಬೇರು ಮೇಲೆ ಮಾಡಿ ಬಿದ್ದಿತ್ತು, ನಾಲ್ಕು ಗಂಟೆ ಕಿಟಕಿಯ ಬಿಸಿಲು ತಿಂದು ಮೆತ್ತಗಾಗಿ, ಕೆಂಪು ಹೋಗಿ ಕಂದಾಗಿತ್ತು. ಬುಡಗಿಡದ ಗಾಯ ಒಣಗಿ ತೊಗಲಿನಂತಾಗಿತ್ತು. ಒಂಬತ್ತು ವರ್ಷದ ಬಣ್ಣ ಅಲ್ಲಿಗೆ ಮುಗಿಯಿತು. ನಾನು ಅವರ ಮುಖ ನೋಡಲಾರದೆ ಬ್ಲೇಡು ಒರೆಸುತ್ತ ನಿಂತೆ.

ಅವರು ಎಡಗೈಯಿಂದ ಸಸಿಯನ್ನು ಹೆಕ್ಕಿ ಅಂಗೈಯಲ್ಲಿಟ್ಟು ನೋಡಿದರು.

"ಹೋಯ್ತು," ಎಂದರು.

"ನನ್ನಿಂದ ಹೋಯ್ತು."

"ಒಂದು ನನ್ನಿಂದ, ಒಂದು ಕೊಳೆತು, ಒಂದು ಬಿಸಿಲಿಗೆ. ನಿನ್ನ ಲೆಕ್ಕಕ್ಕೆ ಐದು. ಜಾಸ್ತಿ ತಗೋಬೇಡ." ಸಸಿಯನ್ನು ಕಿಟಕಿಯಾಚೆ ಬಿಟ್ಟು, ಮೇಜಿನ ಮೇಲಿದ್ದದ್ದನ್ನೆಲ್ಲ ಮೊಣಕೈಯಿಂದ ಪಕ್ಕಕ್ಕೆ ಸರಿಸಿದರು. ಕುರ್ಚಿ ಎಳೆದು ಕೂತು, ಬಲಗೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲೆ ಇಟ್ಟರು. "ಹಿಡಿ. ಆ ಮೇಡಂ ಹಿಡಿದ ಹಾಗೆ. ಮೆತ್ತಗೆ ಹಿಡೀಬೇಡ."

ಹಿಡಿದೆ. ಒಂದು ಎಂದರು. ಎರಡು. ಮೂರಕ್ಕೆ ತುಟಿ ಕಚ್ಚಿದರು. ನನ್ನ ಬೆರಳಿನ ಕೆಳಗೆ ಅವರ ನರ ಜಗ್ಗುವುದು ನನಗೆ ಗೊತ್ತಾಗುತ್ತಿತ್ತು, ಅಂಟಿದ ಬಟ್ಟೆಯನ್ನು ಬಿಡಿಸುವಾಗ ಗೊತ್ತಾಗುವ ಹಾಗೆ, ಬಿಡುವುದೋ ಹರಿಯುವುದೋ ಎಂಬ ಹಾಗೆ. ಆರಕ್ಕೆ ಕಣ್ಣಿಂದ ನೀರು ಇಳಿಯಿತು. ಏಳಕ್ಕೆ ಅವರು ಕೂಗಿದ ಕೂಗಿಗೆ ಮುಂದಿನ ಕೋಣೆಯಲ್ಲಿ ಅಕ್ಕನ ಕೈಯಿಂದ ಏನೋ ಬಿದ್ದು ಉರುಳಿತು. ಬಾಗಿಲು ದಢಾರನೆ ತೆರೆಯಿತು.

"ಯಾರನ್ನ ಕೊಲ್ತಿದ್ದೀರಿ ಇಲ್ಲಿ?"

"ಬಾಗಿಲು ಹಾಕು ಅಕ್ಕಾ," ಎಂದರು ಅವರು, ನನ್ನ ಹಿಡಿತದಿಂದ ಕೈ ತೆಗೆಯದೆ. "ಇನ್ನೂ ಹದಿಮೂರು ಬಾಕಿ ಇದೆ."